ಯಾರಿಗೆ ಹಾಕಿದೆವು ಗೊತ್ತು, ಯಾತಕ್ಕೆ ಹಾಕಿದೆವು?



ಶಹಾಪುರ ಮತಕ್ಷೇತ್ರದಲ್ಲಿ 1994ರಿಂದ 2023ರವರೆಗೆ ವಿಧಾನಸಭೆಗೆ ಏಳು ಸಾರ್ವತ್ರಿಕ ಚುನಾವಣೆಗಳು ನಡೆದವು. ಏಳಕ್ಕೆ ಏಳೂ ಎರಡೇ ಮನೆತನಗಳ ಪಾಲಾದವು. ದರ್ಶನಾಪುರ ಮನೆತನಕ್ಕೆ ಐದು, ಶಿರವಾಳ ಮನೆತನಕ್ಕೆ ಎರಡು. ಯಾವ ವರ್ಷ ಯಾರು ಗೆದ್ದರು, ಯಾವ ಊರಿನ ಗೌಡರು ಯಾರ ಕಡೆ ಇದ್ದರು, ಯಾರು ರಾತ್ರೋರಾತ್ರಿ ಈ ಕಡೆಯಿಂದ ಆ ಕಡೆಗೆ ಜಿಗಿದರು, ಇದನ್ನೆಲ್ಲ ಊರ ಕಟ್ಟೆಯ ಮೇಲೆ ಕೂತ ಯಾವ ಹಿರಿಯನನ್ನು ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾನೆ. ಅದೇ ಹಿರಿಯನಿಗೆ ಇನ್ನೊಂದು ಪ್ರಶ್ನೆ ಹಾಕಿ ನೋಡಿರಿ: "ಯಜಮಾನ್ರ, ಈ ಏಳು ಸಲದಾಗ ಒಂದ್ ಸಲರ ತೊಗರಿ ರೇಟಿನ ಮ್ಯಾಲ ಓಟು ಬಿದ್ದದೇನ್ರಿ?" ಆತ ಸುಮ್ಮನೆ ನಿಮ್ಮ ಮುಖ ನೋಡುತ್ತಾನೆ. ಆತನ ತಪ್ಪಿಲ್ಲ. ಬಿದ್ದಿದ್ದರೆ ತಾನೇ ನೆನಪಿರುವುದು?

ಪೇಟೆಯ ಪಂಡಿತರು ರೈತನ ಮತದ ಬಗ್ಗೆ ಒಂದು ಮಾತನ್ನು ಹೇಳಿ ಹೇಳಿ ಸವೆಸಿದ್ದಾರೆ. ರೈತ ತನ್ನ ಮತವನ್ನು ಸಾಲ ಮನ್ನಾಕ್ಕೆ ಮಾರಿಕೊಳ್ಳುತ್ತಾನಂತೆ. ಈ ಮಾತು ಸುಳ್ಳು. ಸುಳ್ಳು ಎನ್ನುವುದಕ್ಕೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಕ್ಷೇತ್ರಗಳ ಫಲಿತಾಂಶವೇ ಸಾಕ್ಷಿ, ಅದನ್ನು ಮುಂದೆ ತೋರಿಸುತ್ತೇವೆ. ನಮ್ಮ ಮತದ ರೋಗ ಬೇರೆ. ಅದು ಮಾರಾಟವಾದ ಮತವಲ್ಲ, ಮೂಕ ಮತ. ಐದು ವರ್ಷಕ್ಕೊಮ್ಮೆ ಯಾರನ್ನೋ ಇಳಿಸುತ್ತದೆ, ಯಾರನ್ನೋ ಏರಿಸುತ್ತದೆ. ಯಾತಕ್ಕೆ ಇಳಿಸಿದೆ, ಯಾತಕ್ಕೆ ಏರಿಸಿದೆ ಎಂದು ಮಾತ್ರ ಹೇಳುವುದಿಲ್ಲ. ಹೇಳದ ಮಾತನ್ನು ಗೆದ್ದವನು ತನಗೆ ಬೇಕಾದ ಹಾಗೆ ಓದಿಕೊಳ್ಳುತ್ತಾನೆ.

ಹಿಂದಿನದನ್ನು ಒಂದಿಷ್ಟು ನೋಡೋಣ. 1952ರ ಮೊದಲ ಮಹಾ ಚುನಾವಣೆಯಲ್ಲಿ ನಮ್ಮ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮನ ಆಡಳಿತ ಮುಗಿದು ಮೂರೂವರೆ ವರ್ಷವಷ್ಟೇ ಆಗಿತ್ತು. ಆಗ ಲೋಕಸಭೆಗೆ ಯಾದಗಿರಿ ಎಂಬ ಹೆಸರಿನದೇ ಒಂದು ಕ್ಷೇತ್ರವಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆ ಕ್ಷೇತ್ರ ಹೋಯಿತು. ಈಗ ಸುರಪುರ, ಶಹಾಪುರ, ಯಾದಗಿರಿ ಈ ಮೂರೂ ರಾಯಚೂರು ಲೋಕಸಭೆಗೆ ಸೇರಿವೆ, ಗುರುಮಠಕಲ್ ಒಂದು ಗುಲಬರ್ಗಾಕ್ಕೆ. 2009ರ ಡಿಸೆಂಬರಿನಲ್ಲಿ ನಮಗೆ ಜಿಲ್ಲೆ ಕೊಟ್ಟರು, ಕಚೇರಿ ಕೊಟ್ಟರು, ಬೋರ್ಡು ಬರೆಸಿದರು. ಆದರೆ ದಿಲ್ಲಿಗೆ ಹೋಗುವ ಬಾಯಿ ಎರಡು ಹೋಳಾಗಿಯೇ ಉಳಿಯಿತು. ಇದು ಸಣ್ಣ ಸಂಗತಿ ಎಂದು ತಿಳಿಯಬೇಡಿ. ಬೆಲೆಯ ಮಾತಿಗೆ ಬಂದಾಗ ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುತ್ತದೆ.

ಸುರಪುರಕ್ಕೆ ಬನ್ನಿ. 1857-58ರಲ್ಲಿ ಬ್ರಿಟಿಷರ ವಿರುದ್ಧ ಎದ್ದುನಿಂತ ರಾಜಾ ವೆಂಕಟಪ್ಪ ನಾಯಕರ ನೆಲ ಅದು. ಅವರು ಸತ್ತ ಮೇಲೆ 1860ರಲ್ಲಿ ಇಂಗ್ಲಿಷರು ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದರು. ಆ ಹೆಸರು ಹೇಳಿದರೆ ನಾವೂ ಕೈ ಮುಗಿಯುತ್ತೇವೆ. ಅದೇ ಹೆಸರಿನ, ಅದೇ ಅರಮನೆಯ ರಾಜಾ ವೆಂಕಟಪ್ಪ ನಾಯಕರು ನಮ್ಮ ಕಾಲದಲ್ಲಿ ನಾಲ್ಕು ಸಲ ಶಾಸಕರಾದರು. 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ, 1999, 2013, 2023ರಲ್ಲಿ ಕಾಂಗ್ರೆಸ್ಸಿನಿಂದ. ಎದುರಿಗೆ ನರಸಿಂಹ ನಾಯಕರು, ಅಂದರೆ ನಮ್ಮ ಜನ ಕರೆಯುವ ರಾಜೂಗೌಡರು. 2004ರಲ್ಲಿ ವಿಜಯ ಸಂಕೇಶ್ವರರು ಕಟ್ಟಿದ ಕನ್ನಡ ನಾಡು ಪಕ್ಷದಿಂದ ಗೆದ್ದರು. ಇಡೀ ರಾಜ್ಯದಲ್ಲಿ ಆ ಪಕ್ಷ ಗೆದ್ದದ್ದು ಸುರಪುರ ಒಂದನ್ನೇ! 2008ರಲ್ಲಿ ಮತ್ತು 2018ರಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದರು. 2024ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕರು ತೀರಿಕೊಂಡರು. ಮೇ 7ರಂದು ಲೋಕಸಭೆಯ ಜೊತೆಗೇ ಉಪಚುನಾವಣೆ ಆಗಿ ಅವರ ಮಗ ರಾಜಾ ವೇಣುಗೋಪಾಲ ನಾಯಕರು ಬಂದರು. ಮೂವತ್ತು ವರ್ಷ, ಎಂಟು ಚುನಾವಣೆ, ಎರಡು ಕಡೆ. 2008ರಿಂದ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು, ಆದರೂ ಕುಸ್ತಿಯ ಜೋಡಿ ಬದಲಾಗಲಿಲ್ಲ. (ಮೀಸಲಾತಿಯಿಂದಲೇ ಎಲ್ಲ ಕೆಟ್ಟಿತು ಎಂದು ಗೊಣಗುವವರು ನಮ್ಮ ನಡುವೆ ಇದ್ದಾರೆ. ಅವರು ಮೀಸಲು ಇಲ್ಲದ ಶಹಾಪುರದ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ.) ನಮ್ಮ ಪ್ರಶ್ನೆ ಒಂದೇ. 1858ರ ಋಣವನ್ನು 2023ರ ಮತದಲ್ಲಿ ತೀರಿಸುವುದಾದರೆ, 2023ರ ಹತ್ತಿಯ ಲೆಕ್ಕ ಯಾವ ಮತದಲ್ಲಿ ಕೇಳುವುದು?

ಶಹಾಪುರದಲ್ಲಿ ಬಾಪುಗೌಡ ದರ್ಶನಾಪುರರ ಮಗ ಶರಣಬಸಪ್ಪಗೌಡರು 1994ರಲ್ಲಿ ಜನತಾದಳದಿಂದ, 2004ರಲ್ಲಿ ಜಾತ್ಯತೀತ ಜನತಾದಳದಿಂದ, 2008, 2018, 2023ರಲ್ಲಿ ಕಾಂಗ್ರೆಸ್ಸಿನಿಂದ ಬಂದರು. 1999ರಲ್ಲಿ ಶಿವಶೇಖರಪ್ಪಗೌಡ ಶಿರವಾಳರು ಕಾಂಗ್ರೆಸ್ಸಿನಿಂದ, 2013ರಲ್ಲಿ ಗುರು ಪಾಟೀಲ ಶಿರವಾಳರು ಯಡಿಯೂರಪ್ಪನವರ ಕೆ.ಜೆ.ಪಿ.ಯಿಂದ. ನೋಡಿರಿ, ಕಾಂಗ್ರೆಸ್ಸಿನ ಕೈ ಒಮ್ಮೆ ಈ ಮನೆಯಲ್ಲಿ, ಒಮ್ಮೆ ಆ ಮನೆಯಲ್ಲಿ. ಪಕ್ಷಗಳು ಮನೆತನಗಳನ್ನು ಹುಡುಕಿಕೊಂಡು ಬರುತ್ತವೆಯೇ ಹೊರತು ಮನೆತನಗಳು ಪಕ್ಷದ ತತ್ವ ಓದಿ ಹೋಗುವುದಿಲ್ಲ. ಯಾದಗಿರಿಯಲ್ಲಿ ಡಾ. ಮಾಲಕರೆಡ್ಡಿಯವರು ಕಾಂಗ್ರೆಸ್ಸಿನಿಂದ ಪದೇ ಪದೇ ಗೆದ್ದರು, 2008 ಮತ್ತು 2013ರಲ್ಲೂ ಗೆದ್ದರು. ಎದುರಿಗೆ ಮುದ್ನಾಳದವರು. ವಿಶ್ವನಾಥರೆಡ್ಡಿಯವರ ಕಾಲದಿಂದ ಇದ್ದ ಹೆಸರು, 2018ರಲ್ಲಿ ವೆಂಕಟರೆಡ್ಡಿ ಮುದ್ನಾಳರು ಬಿ.ಜೆ.ಪಿ.ಯಿಂದ ಗೆದ್ದರು. 2023ರಲ್ಲಿ ಚನ್ನಾರೆಡ್ಡಿ ಪಾಟೀಲ ತುನ್ನೂರರು ಕಾಂಗ್ರೆಸ್ಸಿನಿಂದ ಬಂದರು. ಗುರುಮಠಕಲ್ ಅಂತೂ 1972ರಿಂದ 2004ರವರೆಗೆ ಎಂಟು ಸಲ ಸತತವಾಗಿ ಮಲ್ಲಿಕಾರ್ಜುನ ಖರ್ಗೆಯವರನ್ನು ಕಳಿಸಿತು. ಆಮೇಲೆ ಎರಡು ಸಲ ಚಿಂಚನಸೂರರು, 2018ರಲ್ಲಿ ನಾಗನಗೌಡ ಕಂದಕೂರರು, 2023ರಲ್ಲಿ ಅವರ ಮಗ ಶರಣಗೌಡರು.

ಇವರಲ್ಲಿ ಯಾರನ್ನೂ ಕೆಟ್ಟವರೆಂದು ನಾವು ಬರೆಯುತ್ತಿಲ್ಲ. ಮದುವೆಗೆ ಬಂದು ಅಕ್ಷತೆ ಹಾಕುತ್ತಾರೆ, ಮಣ್ಣಿಗೆ ಬರುತ್ತಾರೆ, ಪೋಲೀಸು ಠಾಣೆಗೆ ಒಂದು ಫೋನು ಮಾಡುತ್ತಾರೆ, ದವಾಖಾನೆಗೆ ಚೀಟಿ ಕೊಡುತ್ತಾರೆ. ಕಷ್ಟದಲ್ಲಿರುವ ಮನುಷ್ಯನಿಗೆ ಅದು ಸಣ್ಣದಲ್ಲ. ಆದರೆ ಅದು ಒಬ್ಬ ಧಣಿ ಮಾಡುವ ಕೆಲಸ. ಶಾಸಕನ ಕೆಲಸ ಬೇರೆ ಇದೆ. ಧಣಿಯ ಕೆಲಸಕ್ಕೆ ಮತ ಹಾಕಿದರೆ ಧಣಿಯೇ ಬರುತ್ತಾನೆ.

ಇದು ಹೀಗೇಕೆ ಆಯಿತು? ನಮ್ಮ ರೈತರು ದಡ್ಡರೆಂದೇ? ಅಲ್ಲ. ಕಾರಣ ನಮ್ಮ ಕಾಲುವೆಯಲ್ಲಿದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ನಾರಾಯಣಪುರದ ಅಣೆಕಟ್ಟು ಮುಗಿದದ್ದು 1982ರಲ್ಲಿ. ನಾರಾಯಣಪುರ ಎಡದಂಡೆ ಕಾಲುವೆ, ಅದರಿಂದ ಹುಣಸಗಿ ಶಾಖಾ ಕಾಲುವೆ, ಶಹಾಪುರ ಶಾಖಾ ಕಾಲುವೆ, ಮುಡಬೂಳ, ಜೇವರ್ಗಿ. ಒಣಭೂಮಿಗೆ ನೀರು ಬಂತು. ಬಂದದ್ದಕ್ಕೆ ಸಂತೋಷವೇ. ಆದರೆ ಬಂದ ನೀರು ಹಕ್ಕಾಗಿ ಬರಲಿಲ್ಲ, ಕೃಪೆಯಾಗಿ ಬಂತು. ಹಿಂಗಾರಿಗೆ ನೀರು ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು ದಿನ ಚಾಲು, ಎಷ್ಟು ದಿನ ಬಂದ್, ಯಾವ ತಿಂಗಳವರೆಗೆ, ಇದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಸಮಿತಿಯಲ್ಲಿ ಕೂಡುವವರು ಮಂತ್ರಿಗಳು, ಶಾಸಕರು, ಅಧಿಕಾರಿಗಳು. ಮೆಣಸಿನಕಾಯಿ ಹೂ ಬಿಡುವ ಹೊತ್ತಿಗೆ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ರೈತ ಭೀಮರಾಯನಗುಡಿಯ ಕಚೇರಿ ಮುಂದೆ ಕೂತು ಕೂಗಬೇಕು. ಕೂಗಿದ ಮೇಲೆ ಶಾಸಕರು ಬಂದು "ನಾ ಮಾತಾಡೀನಿ, ನೀರು ಬಿಡಸ್ತೀನಿ" ಅನ್ನಬೇಕು. ಆಮೇಲೆ ನೀರು ಬರಬೇಕು. ವರ್ಷ ವರ್ಷವೂ ಇದೇ. ಕಾಗದದಲ್ಲಿ ನೀರಿನ ಲೆಕ್ಕ ಬರೆದಿದ್ದರೆ ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ. ಬರೆಯದೆ ಬಿಟ್ಟದ್ದರಿಂದಲೇ ಗೇಟಿನ ಚಾವಿ ಮತದ ಚಾವಿಯೂ ಆಯಿತು.

ಇನ್ನು ಕಾಲುವೆಯ ತಲೆಯ ಕಥೆ, ಬಾಲದ ಕಥೆ. ಈ ಯೋಜನೆ ಮಾಡಿದವರು ಭತ್ತಕ್ಕೆಂದು ಮಾಡಲಿಲ್ಲ. ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆಂದು ಮಾಡಿದರು. ನೀರು ಬಂದ ಮೇಲೆ ಮೇಲಿನ ಭಾಗದಲ್ಲಿ ಭತ್ತದ ಗದ್ದೆಗಳು ಎದ್ದವು. ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು. ಅವರನ್ನು ನೋಡಿ ನಮ್ಮವರೂ ನಾಟಿ ಹಾಕಿದರು. ಹಾಕದೆ ಏನು ಮಾಡ್ಯಾರು? ಜೋಳ ಬೆಳೆದು ಯಾರು ಉದ್ಧಾರವಾಗಿದ್ದಾರೆ? ಜೋಳಕ್ಕೆ, ತೊಗರಿಗೆ ನ್ಯಾಯವಾದ ಬೆಲೆ ಇದ್ದಿದ್ದರೆ ಮೇಲಿನವನು ಭತ್ತಕ್ಕೆ ಕೈ ಹಾಕುತ್ತಿರಲಿಲ್ಲ, ವಡಗೇರಾ ಕಡೆಯ ಕೊನೆ ಭಾಗದವನ ಹೊಲ ಬಾಯಿ ಬಿಡುತ್ತಿರಲಿಲ್ಲ. ಅಂದರೆ ನೀರಿನ ಜಗಳದ ಬೇರು ಕೂಡ ಬೆಲೆಯಲ್ಲೇ ಇದೆ. ಆದರೆ ಚುನಾವಣೆ ಬಂದಾಗ ಮೇಲಿನವನು "ನೀರು ಕಡಿಮೆ ಮಾಡಬಾರದು" ಎಂದು ಒಂದು ಮನೆಗೆ, ಕೆಳಗಿನವನು "ನಮಗೂ ಬಿಡಿಸಿರಿ" ಎಂದು ಇನ್ನೊಂದು ಮನೆಗೆ. ಒಂದೇ ಕಾಲುವೆಯ ರೈತರು ಎರಡು ಬಣ. ಬೆಲೆ ಎಂಬ ಶಬ್ದ ಯಾರ ಬಾಯಲ್ಲೂ ಇಲ್ಲ.

ಈಗ ಆ ಬೆಲೆಯ ಮಾತಿಗೇ ಬರೋಣ.

ಬೆಲೆ ನಿಶ್ಚಯವಾಗುವುದು ಶಹಾಪುರದಲ್ಲಿ ಅಲ್ಲ, ಬೆಂಗಳೂರಿನಲ್ಲೂ ಬಹುಪಾಲು ಅಲ್ಲ. ದಿಲ್ಲಿಯಲ್ಲಿ. ಬೆಂಬಲ ಬೆಲೆ ದಿಲ್ಲಿಯದು, ಆಮದು ಸುಂಕ ದಿಲ್ಲಿಯದು, ರಫ್ತು ನಿಷೇಧ ದಿಲ್ಲಿಯದು. 2015ರಲ್ಲಿ ಪೇಟೆಯಲ್ಲಿ ತೊಗರಿಬೇಳೆ ಕಿಲೋಕ್ಕೆ 200 ರೂಪಾಯಿ ಮುಟ್ಟಿತು. ದೇಶವೇ ಮುಳುಗಿತೆಂಬಂತೆ ಪತ್ರಿಕೆಗಳು ಬೊಬ್ಬೆ ಹೊಡೆದವು. 2016ರಲ್ಲಿ ಸರಕಾರ ಮೊಜಾಂಬಿಕ್ ದೇಶದ ಜೊತೆ ಬೇಳೆ ತರಿಸುವ ಒಪ್ಪಂದ ಮಾಡಿಕೊಂಡಿತು. ನಮ್ಮ ರೈತನಿಗೆ "ತೊಗರಿ ಬಿತ್ತು, ದೇಶ ಉಳಿಸು" ಎಂಬಂತೆ ಬೋನಸ್ 425 ಸೇರಿಸಿ ಕ್ವಿಂಟಾಲಿಗೆ 5,050 ರೂಪಾಯಿ ಬೆಂಬಲ ಬೆಲೆ ಸಾರಿತು. ಗುಲಬರ್ಗಾ, ಯಾದಗಿರಿ ಸೀಮೆಯ ರೈತ ಬಿತ್ತಿದ. ಮಳೆಯೂ ಕೈ ಹಿಡಿಯಿತು. ರಾಶಿ ಮನೆಗೆ ಬಂತು, ಬೆಲೆ ಬಾವಿಗೆ ಬಿತ್ತು. ಪೇಟೆಯಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಕೇಳತೊಡಗಿದರು. ಖರೀದಿ ಕೇಂದ್ರಕ್ಕೆ ಹೋದರೆ ಪಾಳಿ, ಪಹಣಿ, ಗೋಣಿಚೀಲದ ಕೊರತೆ, ಒಬ್ಬ ರೈತನಿಂದ ಇಷ್ಟೇ ಕ್ವಿಂಟಾಲ್ ಎಂಬ ಕಟ್ಟು. ಬೇಳೆಯ ರಫ್ತಿಗೆ ಹಾಕಿದ್ದ ನಿಷೇಧವನ್ನು ತೊಗರಿಯ ಮಟ್ಟಿಗೆ ಎತ್ತಿದ್ದು 2017ರ ಸೆಪ್ಟೆಂಬರಿನಲ್ಲಿ. ಅಷ್ಟೊತ್ತಿಗೆ ರೈತನ ಮನೆಯಲ್ಲಿ ಬೀಜಕ್ಕಿಟ್ಟ ಕಾಳು ಬಿಟ್ಟು ಏನಿತ್ತು? ಮಾಲು ಸಾವಕಾರನ ಗೋದಾಮಿಗೆ ಹೋದ ಮೇಲೆ ಬಾಗಿಲು ತೆರೆದರು.

2021ರ ಮೇ ತಿಂಗಳಲ್ಲಿ ತೊಗರಿ ಆಮದಿಗೆ ಕಟ್ಟು ತೆಗೆದರು. ಆಮೇಲೆ ವರ್ಷ ವರ್ಷ ಮುಂದಕ್ಕೆ ಹಾಕುತ್ತ, ಸುಂಕವಿಲ್ಲದ ಆಮದನ್ನು 2026ರ ಮಾರ್ಚಿನವರೆಗೆ ಎಳೆದರು. ಹತ್ತಿಯದೂ ಅದೇ ಹಾಡು. 2021ರಲ್ಲಿ ಹಾಕಿದ್ದ 11 ಪರ್ಸೆಂಟ್ ಆಮದು ಸುಂಕವನ್ನು 2025ರ ಆಗಸ್ಟ್ 19ರಂದು ಎತ್ತಿದರು, ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದರು, ಆಮೇಲೆ ಡಿಸೆಂಬರ್ ಕೊನೆಯವರೆಗೆ ಎಂದರು. ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವುದು ಯಾವಾಗ ಸ್ವಾಮಿ? ಸರಿಯಾಗಿ ಅದೇ ತಿಂಗಳುಗಳಲ್ಲಿ! ಗಿರಣಿಯವರು ಬೇಕೆಂದು ಕೇಳಿದರು, ಸಿಕ್ಕಿತು. ಗಿರಣಿಯವರಿಗೆ ಎಷ್ಟು ಮತ? ನಮಗೆ ಎಷ್ಟು ಮತ? ಆದರೂ ಅವರ ಮಾತು ಕೇಳುತ್ತಾರೆ, ಯಾಕೆಂದರೆ ಅವರು ಅರ್ಜಿಯಲ್ಲಿ ಇಂಥದ್ದು ಬೇಕು ಎಂದು ಬರೆಯುತ್ತಾರೆ.

ಈ ಹತ್ತು ವರ್ಷಗಳಲ್ಲಿ ರಾಯಚೂರಿನಿಂದ ದಿಲ್ಲಿಗೆ ಹೋದವರನ್ನು ನೆನೆಸಿಕೊಳ್ಳಿ. 2014ರಲ್ಲಿ ಕಾಂಗ್ರೆಸ್ಸಿನ ಬಿ.ವಿ. ನಾಯಕ, 2019ರಲ್ಲಿ ಬಿ.ಜೆ.ಪಿ.ಯ ರಾಜಾ ಅಮರೇಶ್ವರ ನಾಯಕ, 2024ರಲ್ಲಿ ಕಾಂಗ್ರೆಸ್ಸಿನ ಜಿ. ಕುಮಾರ ನಾಯಕ. ಪ್ರತಿ ಸಲವೂ ಪಕ್ಷ ಅದಲುಬದಲು. ಇವರಲ್ಲಿ ಯಾರಿಗಾದರೂ ನಮ್ಮ ಊರಿನವರು ಮತದ ಮೊದಲು ತೊಗರಿ ಆಮದಿನ ಬಗ್ಗೆ ಏನಂತೀರಿ ಎಂದು ಕೇಳಿದ್ದೇವೆಯೆ? ಲೋಕಸಭೆಯ ಚುನಾವಣೆ ಬಂದರೆ ನಮ್ಮ ಹಳ್ಳಿಗಳಲ್ಲಿ ಅರ್ಧ ನಿದ್ದೆ. "ಅದು ದಿಲ್ಲಿದು, ನಮಗೇನು ಸಂಬಂಧ" ಎನ್ನುತ್ತಾರೆ. ವಿಧಾನಸಭೆ ಬಂದರೆ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ, ಬೆಂಗಳೂರಿಗೆ ಗುಳೆ ಹೋದವರನ್ನು ಬಸ್ಸು ಮಾಡಿ ಕರೆತರುತ್ತಾರೆ. ಬೆಲೆ ಮಾಡುವವನ ಮುಂದೆ ಬಾಯಿ ಮುಚ್ಚಿಕೊಂಡು, ಬೆಲೆ ಮಾಡದವನ ಮನೆ ಮುಂದೆ ತಲೆ ಒಡೆದುಕೊಳ್ಳುವುದು ಯಾವ ನ್ಯಾಯ?

ಇನ್ನು ಸಾಲ. ಬೆಲೆಯಲ್ಲಿ ಕಳೆದದ್ದೇ ಸಾಲವಾಗಿ ನಿಲ್ಲುತ್ತದೆ ಎನ್ನುವುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿಗೆಗೆ ಬೀಜ, ಗೊಬ್ಬರ, ಎಣ್ಣೆ ಉದ್ರಿ ತಂದ ದುಕಾನಿಗೇ ರಾಶಿ ಹೋಗಬೇಕು. ಅಲ್ಲಿ ಕಾಟಾ ಅವನದು, ರೇಟು ಅವನದು, ಬಡ್ಡಿ ಅವನದು. ದಲಾಲಿಯನ್ನು ರೈತನಿಂದ ಹಿಡಿಯಬಾರದೆಂದು ಕಾಯಿದೆ ಇದೆ. ಪಟ್ಟಿ ತೆಗೆದು ನೋಡಿರಿ, ಅಥವಾ ಪಟ್ಟಿಯನ್ನೇ ಕೊಡದ ಅಂಗಡಿಗೆ ಹೋಗಿ ಪಟ್ಟಿ ಕೇಳಿ ನೋಡಿರಿ.

ಸರಕಾರಗಳು ಮನ್ನಾ ಮಾಡಿವೆ. 1990ರಲ್ಲಿ ವಿ.ಪಿ. ಸಿಂಗರ ಸರಕಾರ 10,000 ರೂಪಾಯಿವರೆಗೆ ಮಾಡಿತು. 2008ರ ಬಜೆಟ್ಟಿನಲ್ಲಿ ಮನಮೋಹನ ಸಿಂಗರ ಸರಕಾರ ದೊಡ್ಡ ಮನ್ನಾ ಸಾರಿತು. ಆದರೆ ಪೂರ್ತಿ ಮನ್ನಾ 5 ಎಕರೆಯೊಳಗಿನವರಿಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದವರು ಮುಕ್ಕಾಲು ಪಾಲು ಕಟ್ಟಿದರೆ ಕಾಲು ಪಾಲು ರಿಯಾಯಿತಿ, ಬರಪೀಡಿತ ಪಟ್ಟಿಯ ಜಿಲ್ಲೆಗಳಲ್ಲಿ ಕನಿಷ್ಠ 20,000. ಐದು ಎಕರೆ ಗದ್ದೆ ಇದ್ದವನೂ ಸಣ್ಣ ರೈತ, ಎಂಟು ಎಕರೆ ಕಲ್ಲು ಮೊರಡಿ ಇದ್ದವನು ದೊಡ್ಡ ರೈತ! ದಿಲ್ಲಿಯಲ್ಲಿ ಕೂತು ಹೊಲ ಅಳೆದರೆ ಹೀಗೇ ಆಗುವುದು. ಮಳೆ ಬಿದ್ದರೆ ಬೆಳೆ, ಇಲ್ಲದಿದ್ದರೆ ಗುಳೆ ಎನ್ನುವ ನಮ್ಮ ಸೀಮೆಯ ಎಂಟು ಎಕರೆಯವನು ಆ ಸಲ ಹೊರಗುಳಿದ. ಆಗ ನಮ್ಮ ಯಾವ ಕ್ಷೇತ್ರದ ಚುನಾವಣೆಯಲ್ಲೂ ಇದರ ಮೇಲೆ ಮಾತು ಎದ್ದು ನಿಲ್ಲಲಿಲ್ಲ.

ರಾಜ್ಯದಲ್ಲಿ 2012ರಲ್ಲಿ ಜಗದೀಶ ಶೆಟ್ಟರ ಸರಕಾರ ಸಹಕಾರಿ ಸಂಘಗಳ ಸಾಲದಲ್ಲಿ 25,000 ಮನ್ನಾ ಮಾಡಿತು. 2013ರಲ್ಲಿ ಸೋತಿತು. 2017ರ ಜೂನಿನಲ್ಲಿ ಸಿದ್ದರಾಮಯ್ಯನವರ ಸರಕಾರ ಸಹಕಾರಿ ಸಾಲದಲ್ಲಿ 50,000 ಮನ್ನಾ ಮಾಡಿತು, ಒಟ್ಟು 8,165 ಕೋಟಿ ಎಂದಿತು. 2018ರ ಮೇ ತಿಂಗಳಲ್ಲಿ ಏನಾಯಿತು? ಸುರಪುರದಲ್ಲಿ ಕಾಂಗ್ರೆಸ್ ಸೋತಿತು. ಯಾದಗಿರಿಯಲ್ಲಿ ಸೋತಿತು. ಗುರುಮಠಕಲ್ಲಿನಲ್ಲಿ ಸೋತಿತು. ನಾಲ್ಕರಲ್ಲಿ ಶಹಾಪುರ ಒಂದೇ ಉಳಿಯಿತು. ರೈತ ಮತ ಮಾರುತ್ತಾನೆ ಎನ್ನುವ ಪಂಡಿತರೇ, ಇದು ಎಂಥ ಮಾರಾಟ? ದುಡ್ಡು ಕೊಟ್ಟವನಿಗೆ ಮಾಲು ಕೊಡದ ಮಾರಾಟ! 2018ರ ಜುಲೈಯಲ್ಲಿ ಕುಮಾರಸ್ವಾಮಿಯವರು 34,000 ಕೋಟಿಯ ಮನ್ನಾ ಸಾರಿದರು, 2 ಲಕ್ಷದವರೆಗೆ. 2019ರಲ್ಲಿ ಲೋಕಸಭೆ ಸೋತರು, ಅದೇ ಜುಲೈಯಲ್ಲಿ ಸರಕಾರವೇ ಬಿತ್ತು.

ಆದರೆ ಪಂಡಿತರ ಮಾತು ಸುಳ್ಳಾಯಿತೆಂದು ನಾವು ಹಿಗ್ಗಬೇಕಾದದ್ದೂ ಇಲ್ಲ. 2018ರಲ್ಲಿ ಯಾದಗಿರಿ ಜಿಲ್ಲೆಯ ರೈತ ಕಾಂಗ್ರೆಸ್ಸನ್ನು ಮೂರು ಕಡೆ ತಿರಸ್ಕರಿಸಿದ್ದು ಯಾತಕ್ಕೆ? 50,000 ಸಾಲದೆಂದೇ? ರಾಷ್ಟ್ರೀಕೃತ ಬ್ಯಾಂಕಿನ ಸಾಲ ಬಿಟ್ಟರೆಂದೇ? ತೊಗರಿ ಖರೀದಿಯಲ್ಲಿ ಪಾಳಿ ನಿಲ್ಲಿಸಿದರೆಂದೇ? ಹಾಗಾದರೆ ತೊಗರಿ ಬೆಲೆ ಕೆಡಿಸಿದ ದಿಲ್ಲಿಯ ಪಕ್ಷಕ್ಕೆ ಸುರಪುರ, ಯಾದಗಿರಿ ಎರಡನ್ನೂ ಕೊಟ್ಟದ್ದು ಹೇಗೆ? ಗುರುಮಠಕಲ್ಲಿನಲ್ಲಿ ಪೂರ್ತಿ ಮನ್ನಾದ ಮಾತು ಕೊಟ್ಟ ಜನತಾದಳ ಗೆದ್ದಿತು ನಿಜ. ಅದು ಮನ್ನಾದ ಮಾತಿಗೋ, ಕಂದಕೂರ ಗೌಡರ ಮೇಲಿನ ಅಭಿಮಾನಕ್ಕೋ, ಹತ್ತು ವರ್ಷ ಇದ್ದವರ ಮೇಲಿನ ಬೇಸರಕ್ಕೋ? ಯಾರೂ ಪ್ರಮಾಣ ಮಾಡಿ ಹೇಳಲಾರರು. ಬಿ.ಜೆ.ಪಿ.ಯೂ ಆ ಸಲ ಒಂದು ಲಕ್ಷದವರೆಗೆ ಮನ್ನಾ ಮಾಡುತ್ತೇವೆಂದಿತ್ತು. ಮೂರು ಪಕ್ಷವೂ ಅದನ್ನೇ ಅಂದ ಮೇಲೆ ಮತ ಯಾವುದಕ್ಕೆ ಬಿತ್ತೆಂದು ತಿಳಿಯುವುದು ಹೇಗೆ? ಗೆದ್ದವನು "ನಮ್ಮ ಮನೆತನದ ಮೇಲೆ ಜನರ ಪ್ರೀತಿ" ಅಂದ. ಸೋತವನು "ದುಡ್ಡು ಹಂಚಿದರು" ಅಂದ. ತೊಗರಿ ಬೆಳೆದವನ ಮಾತನ್ನು ಇಬ್ಬರೂ ಹೇಳಲಿಲ್ಲ. ಮೂಕ ಮತ ಎಂದದ್ದು ಇದಕ್ಕೇ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 1980ರ ಜುಲೈ 21. ನರಗುಂದ, ನವಲಗುಂದ. ಮಲಪ್ರಭೆಯ ನೀರು ಇನ್ನೂ ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ ಕಟ್ಟಿರೆಂದು ಬೆನ್ನು ಹತ್ತಿದ ಸರಕಾರದ ವಿರುದ್ಧ ರೈತರು ಎದ್ದರು. ಗೋಲೀಬಾರಿನಲ್ಲಿ ರೈತರು ಸತ್ತರು. ಆ ಬೆಂಕಿಯಲ್ಲೇ ರೈತ ಸಂಘ ಹುಟ್ಟಿತು. ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿಯವರು ಊರೂರು ತಿರುಗಿದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಫಲಕಗಳು ಹಳ್ಳಿಯ ಬಾಗಿಲಲ್ಲಿ ನಿಂತವು. ಮೂರು ವರ್ಷ ತುಂಬುವ ಮೊದಲೇ, 1983ರ ಜನವರಿಯಲ್ಲಿ, ಗುಂಡೂರಾಯರ ಸರಕಾರ ಉರುಳಿತು. ಕರ್ನಾಟಕದಲ್ಲಿ ಕಾಂಗ್ರೆಸ್ಸೇತರ ಸರಕಾರ ಮೊದಲ ಸಲ ಬಂತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಾವು ಅಲ್ಲಗಳೆಯುವುದಿಲ್ಲ. ಆದರೆ ರೈತ ಯಾತಕ್ಕೆ ಸಿಟ್ಟಾಗಿದ್ದಾನೆ ಎಂದು ಆ ಸಲ ಯಾರೂ ಊಹೆ ಮಾಡಬೇಕಾಗಿರಲಿಲ್ಲ. ಮತ ಬೀಳುವ ಮೊದಲೇ ಬೇಡಿಕೆಯನ್ನು ಗಟ್ಟಿಯಾಗಿ ಹೇಳಿಯಾಗಿತ್ತು.

ಹಾಗಾದರೆ ರೈತರೇ ಚುನಾವಣೆಗೆ ನಿಲ್ಲಬೇಕೇ ಎಂದು ಹುಡುಗರು ಕೇಳುತ್ತಾರೆ. ನಿಂತದ್ದೂ ಆಗಿದೆ. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು, ತೆರವಾದ ಕಡೆ ನಂಜುಂಡಸ್ವಾಮಿಯವರು ಬಂದರು. ಆಮೇಲೆ ಸಂಘ ಒಡೆಯಿತು. ಬಾಬಾಗೌಡರು ಬಿ.ಜೆ.ಪಿ. ಸೇರಿ ವಾಜಪೇಯಿಯವರ ಸರಕಾರದಲ್ಲಿ ಮಂತ್ರಿಯಾದರು. ಮಂಡ್ಯದ ಕಡೆ ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದು ಸದನದಲ್ಲಿ ರೈತರ ಮಾತು ಆಡಿದರು, 2023ರಲ್ಲಿ ಅವರ ಮಗ ದರ್ಶನ್ ಬಂದರು. ಅಲ್ಲಿ ಕಬ್ಬಿನ ಬಾಕಿಯ ಮೇಲೆ, ಕಾರ್ಖಾನೆಯ ಮೇಲೆ ಜನ ವರ್ಷಗಟ್ಟಲೆ ಹೋರಾಡಿದ್ದರು, ಗೆದ್ದದ್ದು ಆಮೇಲೆ. ನಮ್ಮ ಮೂರು ತಾಲೂಕುಗಳಲ್ಲಿ ಆ ಹೋರಾಟ ಇಲ್ಲದೆ ಹಸಿರು ಶಾಲು ಹಾಕಿದ ಒಬ್ಬನನ್ನು ನಿಲ್ಲಿಸಿದರೆ ಠೇವಣಿ ಹೋಗುತ್ತದೆ. ಗೆದ್ದರೂ ಅವನು ಮೂರನೆಯ ಮನೆತನವಾಗುತ್ತಾನೆ ಅಷ್ಟೆ.

ಆದ್ದರಿಂದ ಅಭ್ಯರ್ಥಿಯನ್ನು ಹುಡುಕುವುದಕ್ಕಿಂತ ಮೊದಲು ಪ್ರಶ್ನೆಯನ್ನು ಬರೆಯೋಣ. ಭಾಷಣದಲ್ಲಿ ಬೇಡ, ಕಾಗದದಲ್ಲಿ. ಊರಿನ ಎಲ್ಲ ಜಾತಿಯ, ಎರಡೂ ಬಣದ ರೈತರು ಗುಡಿಯ ಮುಂದೆ ಕೂತು, ಹುಡುಗರ ಕೈಲಿ ಬರೆಸಿ, ರುಜು ಹಾಕಿ, ಮತ ಕೇಳಲು ಬಂದವನ ಕೈಗೆ ಕೊಡುವುದು. ಲೋಕಸಭೆಗೆ ನಿಂತವನಿಗೆ: ತೊಗರಿ ರಾಶಿಯಾಗುವ ತಿಂಗಳುಗಳಲ್ಲಿ, ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಸುಂಕವಿಲ್ಲದ ಆಮದನ್ನು ವಿರೋಧಿಸುತ್ತೀಯೋ ಇಲ್ಲವೋ? ನಿನ್ನ ಪಕ್ಷವೇ ಮಾಡಿದರೂ ವಿರೋಧಿಸುತ್ತೀಯೋ? ವಿಧಾನಸಭೆಗೆ ನಿಂತವನಿಗೆ: ಹಿಂಗಾರಿನ ನೀರಿನ ದಿನಾಂಕಗಳನ್ನು ಬಿತ್ತಿಗೆಗೆ ಮೊದಲೇ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿಸುತ್ತೀಯೋ? ಖರೀದಿ ಕೇಂದ್ರ ರಾಶಿಗೆ ಮೊದಲು ತೆರೆಯುತ್ತದೋ, ರಾಶಿ ಮಾರಿದ ಮೇಲೋ? ಮನ್ನಾ ಮಾಡುವುದಾದರೆ ಒಣಬೇಸಾಯದ ಎಕರೆಗೂ ನೀರಾವರಿಯ ಎಕರೆಗೂ ಒಂದೇ ಕೋಲಿನಲ್ಲಿ ಅಳೆಯುತ್ತೀಯೋ? ಉತ್ತರವನ್ನೂ ಕಾಗದದಲ್ಲೇ ಕೇಳಬೇಕು. ಕೊಡದಿದ್ದರೆ, ಕೊಟ್ಟಿಲ್ಲವೆಂದು ಅದೇ ಗುಡಿಯ ಗೋಡೆಗೆ ಹಚ್ಚಬೇಕು. "ಏ ನಮ್ ಗೌಡ್ರಿಗೆ ಹೀಂಗ ಕೇಳೂದು ಹ್ಯಾಂಗೋ?" ಎಂದು ನಾಚಿಕೊಳ್ಳುವವರು ಇದ್ದೇ ಇರುತ್ತಾರೆ. ಬ್ಯಾಂಕಿನವನು ನಿಮ್ಮ ಮನೆಗೆ ನೋಟೀಸು ಹಚ್ಚುವಾಗ ನಾಚಿಕೊಂಡನೇ?

ಇನ್ನೊಂದು ಮಾತು ಉಳಿದಿದೆ, ಅದು ದೊಡ್ಡ ಚುನಾವಣೆಗಿಂತ ಹತ್ತಿರದ್ದು. 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ಎರಡು ಪಕ್ಷದ ಸರಕಾರಗಳೂ ಮಾಡಲಿಲ್ಲ, ಎರಡು ಮನೆತನಗಳೂ ಕೇಳಲಿಲ್ಲ. ನಡುವೆ ಇನ್ನೊಬ್ಬ ಬೆಳೆಯದಿದ್ದರೆ ಯಾರಿಗೆ ಲಾಭ ಎಂದು ನೀವೇ ಯೋಚಿಸಿರಿ. ಅದು ಇಲ್ಲದ ಮೇಲೆ ರೈತನಿಗೆ ಉಳಿದ ಹತ್ತಿರದ ಮತ ಸೊಸೈಟಿಯದು. ಆದರೆ ಸಹಕಾರ ಸಂಘದ ಕಾಯಿದೆಯಲ್ಲಿ ಸುಸ್ತಿದಾರನಿಗೆ ಮತವಿಲ್ಲ. ಮಹಾಸಭೆಗೆ ಹೋಗದೆ ಕೂತವನ ಹೆಸರೂ ಅನರ್ಹರ ಪಟ್ಟಿಗೆ ಬಿದ್ದದ್ದುಂಟು. ವಿಧಾನಸಭೆಗೆ ಮತ ಹಾಕಲು ಬೆಂಗಳೂರಿನಿಂದ ಬಸ್ಸು ಮಾಡಿ ಕರೆಸಿಕೊಳ್ಳುವ ಅದೇ ರೈತ, ತನಗೆ ಸಾಲ ಕೊಡುವ ಸಂಘದ ಚುನಾವಣೆಯಲ್ಲಿ ಹೊರಗೆ ನಿಂತಿರುತ್ತಾನೆ. ಒಳಗೆ ಕೆಲವೇ ಮಂದಿ ಕೂಡಿ ಅವಿರೋಧ ಆಯ್ಕೆ ಮುಗಿಸಿ ಚಹಾ ಕುಡಿಯುತ್ತಾರೆ. ಮಹಾಸಭೆ ಸೆಪ್ಟೆಂಬರಿನಲ್ಲಿ ಆಗುತ್ತದೆ. ನೋಟೀಸು ಬಂದ ದಿನವೇ ಹೋಗಿ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ಕಡೆ ಇದೆ ನೋಡಿರಿ. ಅನರ್ಹರ ಕಡೆ ಇದ್ದರೆ ಕಾರಣವನ್ನು ಬರೆಸಿಕೊಳ್ಳಿರಿ. ಸಭೆಗೆ ಹೋಗಿ ಪುಸ್ತಕದಲ್ಲಿ ರುಜು ಹಾಕಿ ಬನ್ನಿರಿ, ಬರುವಾಗ ಪಕ್ಕದ ಹೊಲದವನನ್ನೂ ಕರೆದುಕೊಂಡು ಹೋಗಿರಿ, ಆತ ಆ ಮನೆತನದ ಕಡೆಯವನಾಗಿದ್ದರೂ ಸರಿ.